ಎಡಕ್ಕೆ ಜಾರಿದ ಬೆರಳು

ನಮ್ಮಕ್ಕ ಟೋಕಿಯೆ, ಸಕಾತಾ ಊರಿನ ಬಂದರು ಬೀದಿಯಲ್ಲಿ ಮೂವತ್ತು ವರ್ಷ ಕ್ಷೌರದಂಗಡಿ ನಡೆಸಿದವಳು. ಮೀನುಗಾರರ ಒರಟು ಗಡ್ಡಗಳನ್ನೆಲ್ಲ ಒಂದು ಗೀರೂ ಬೀಳದಂತೆ ಬೋಳಿಸಿದ ಕೈ ಅದು. ಕಿರುಮೆದುಳು ಸವೆಯುವ ಕಾಯಿಲೆ ಬಂದ ಮೇಲೆ ಆ ಕೈ ಹೇಳಿದ ಮಾತು ಕೇಳದಾಯಿತು. ಕತ್ತಿಯನ್ನು ಅವಳೇ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು. ಈಗ ಕೆಲಸವೆಲ್ಲ ತಂಗಿ ಕಾಯೊಳದು, ಅಂದರೆ ನನ್ನದು; ಕುರ್ಚಿಯಲ್ಲಿ ಕೂತು ತಪ್ಪು ಹುಡುಕುವುದು ಅವಳದು.

“ಕತ್ತರಿ ಬೇಡ ಕಣೇ ಕಾಯೊ. ಬಂದವರ ತಲೆ ತೊಳೆಯೋಷ್ಟು ಈ ಕೈಗೆ ಬಂದ್ರೆ ಸಾಕು,” ಅನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಅದಕ್ಕೊಂದು ತರಬೇತಿ ಇತ್ತು, ಆದರೆ ಇನ್ನೂ ಹೊಸದನ್ನು ಕಲಿಯಬಲ್ಲ ಕೈಗಳಿಗೆ ಮಾತ್ರ. ಅದನ್ನು ತಿಳಿಯಲು ನೆಜು ಡಾಕ್ಟರು ಪರೀಕ್ಷೆ ಇಟ್ಟಿದ್ದರು. ಹೊರಗೆ ಕಾಯುತ್ತಿದ್ದಾಗ, ಪರೀಕ್ಷೆ ಮುಗಿಸಿ ಬಂದ ಅಜ್ಜಿಯೊಬ್ಬರು ಅಕ್ಕನ ಕೈಗೆ ಕಿತ್ತಳೆ ಇಟ್ಟು ಪಿಸುಗುಟ್ಟಿದರು: “ಕನ್ನಡಕ ತೆಗೆದ ಮೇಲೆ ಬೆರಳು ಎಡಕ್ಕೆ ಜಾರುತ್ತೆ ಕಣಮ್ಮ. ಹುಷಾರು.” ನಮ್ಮ ಊರಿನ ಉಪಕಾರವೇ ಹೀಗೆ, ಕೇಳದಿದ್ದರೂ ಮೈಮೇಲೆ ಬೀಳುತ್ತದೆ.

ಒಳಗೆ ಅಕ್ಕನಿಗೆ ಎಲ್ಲವೂ ಬಲಕ್ಕೆ ಸರಿದು ಕಾಣುವ ಕನ್ನಡಕ ಹಾಕಿದರು. ಎದುರಿನ ಪರದೆಯ ಚುಕ್ಕೆಯನ್ನು ಬೆರಳಿನಿಂದ ಮುಟ್ಟಬೇಕು. ಬೆರಳು ಬಲಕ್ಕೆ ಹೋಯಿತು. “ಕ್ಷಮಿಸಿ,” ಎಂದಳು. ಮತ್ತೆ ತಪ್ಪಿತು, ಮತ್ತೆ “ಕ್ಷಮಿಸಿ”. ಪ್ರತಿ ಸಲ ಪರದೆಗೇ ತಲೆ ಬಾಗುತ್ತಿದ್ದಳು. ಬರಬರುತ್ತಾ ಬೆರಳು ಎಡಕ್ಕೆ ಸರಿಯುತ್ತಾ ಚುಕ್ಕೆಯ ಹತ್ತಿರಕ್ಕೆ ಬಂತು. ಆಮೇಲೆ ಕನ್ನಡಕ ತೆಗೆಸಿದರು. ಅಕ್ಕ ಉಸಿರು ಬಿಗಿಹಿಡಿದು ಮುಟ್ಟಿದಳು. ನೇರ ಚುಕ್ಕೆಗೇ ಬಿತ್ತು. ನನ್ನತ್ತ ತಿರುಗಿ ಹುಬ್ಬು ಹಾರಿಸಿದಳು.

ಡಾಕ್ಟರ ಮುಖ ಸಪ್ಪಗಾಯಿತು. “ಕಲಿತ ಕೈ, ಕನ್ನಡಕ ತೆಗೆದ್ರೂ ಸ್ವಲ್ಪ ಹೊತ್ತು ಎಡಕ್ಕೇ ಹೋಗುತ್ತೆ ಅಮ್ಮ. ನಿಮ್ಮದು ಹೋಗ್ಲಿಲ್ಲ. ಅಂದ್ರೆ ಕೈ ಕಲಿತಿಲ್ಲ.”

“ತೊಂದ್ರೆ ಕೊಟ್ಟೆ, ಕ್ಷಮಿಸಿ,” ಎಂದು ಅಕ್ಕ ಎದ್ದೇಬಿಟ್ಟಳು. ಅಜ್ಜಿಯ ಮಾತೆತ್ತಿದರೆ ಆಕೆಯ ಮಾನ ಹೋಗುತ್ತದೆಂದು ಬಾಯಿ ಹೊಲಿದುಕೊಂಡಿದ್ದಳು. ನನಗೆ ಮೈಯೆಲ್ಲ ಉರಿಯಿತು.

“ಕೂತ್ಕೋ ಅಕ್ಕಾ! ಡಾಕ್ಟ್ರೇ, ಕನ್ನಡಕ ತೆಗೆದ ಮೇಲೆ ಇವಳು ಬೇಕಂತಲೇ ಚುಕ್ಕೆಗಿಂತ ಬಲಕ್ಕೆ ಗುರಿ ಇಟ್ಟಿದ್ದು. ಎಡಕ್ಕೆ ಜಾರುತ್ತೆ ಅಂತ ಹೊರಗೆ ಯಾರೋ ಹೇಳ್ಕೊಟ್ರು. ನಿಮ್ಮ ಮುಂದೆ ತಪ್ಪು ಮಾಡೋಕೆ ಇವಳಿಗೆ ನಾಚಿಕೆ!”

“ಹೌದಾ ಅಮ್ಮ?”

ಅಕ್ಕನ ಕಿವಿ ಕೆಂಪಾಯಿತು. “ನಿಮ್ಮ ಹೊತ್ತು ಹಾಳಾಗ್ಬಾರ್ದು ಅಂತ…”

ಮುಂದಿನ ವಾರ ಮತ್ತೆ ಕರೆದರು. “ಈ ಸಲ ಮರ್ಯಾದೆ ಗಿರ್ಯಾದೆ ಎಲ್ಲ ಮನೇಲಿಟ್ಟು ಬಾ,” ಎಂದೆ. ಡಾಕ್ಟರೂ ಹೇಳಿದರು: “ನೀವಾಗಿ ಸರಿಪಡಿಸ್ಬೇಡಿ. ಚುಕ್ಕೆ ನೋಡಿ, ಬೆರಳು ಬಿಡಿ, ಅಷ್ಟೇ.” ಕನ್ನಡಕ ತೆಗೆಸಿದರು. ಬೆರಳು ಚುಕ್ಕೆಯ ಎಡಕ್ಕೆ ಬಿತ್ತು. ಬಹಳವೇನಲ್ಲ, ಒಂದು ಬೆರಳಗಲ.

“ಕ್ಷಮಿ…” ಎಂದಳು ಅಕ್ಕ.

“ತಪ್ತು! ತಪ್ತು!” ಎಂದು ನಾನು ಕುಣಿದೆ.

ಡಾಕ್ಟರು ನಕ್ಕರು. “ಕಾಯಿಲೆ ನಿಲ್ಲೋದಿಲ್ಲ ಅಮ್ಮ, ಅದನ್ನ ಮುಚ್ಚಿಡಲ್ಲ. ಆದ್ರೆ ನಿಮ್ಮ ಕೈ ಇನ್ನೂ ಕಲಿಯುತ್ತೆ.”

ಅಕ್ಕ ತನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ನನಗೆ ಅಳು ಬಂತು.

ತರಬೇತಿ ಮುಗಿಸಿ ಮನೆಗೆ ಬಂದ ಸಂಜೆ, ಅಂಗಡಿಯ ಬಾಗಿಲು ಹಾಕಿ, ತೊಟ್ಟಿಯ ಮೇಲೆ ನಾನೇ ತಲೆ ಬಗ್ಗಿಸಿದೆ. ಅವಳ ಬೆರಳುಗಳು ಅಲ್ಲಿ ಇಲ್ಲಿ ಅಲೆದು ಕೊನೆಗೆ ಕೂದಲ ಬುಡ ಹಿಡಿದವು. ನೊರೆ ಕತ್ತಿನೊಳಗೆ ಇಳಿಯಿತು, ನೀರು ಕಿವಿಗೆ ನುಗ್ಗಿತು.

“ಅಯ್ಯೋ, ಕಿವಿಗೆ ನೀರು ಹೋಯ್ತಲ್ಲೇ ಅಕ್ಕಾ!”

‘ಕ್ಷಮಿಸು’ ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

“ಸುಮ್ನೆ ಬಗ್ಗು. ಇನ್ನೊಂದು ಕಿವಿ ಬಾಕಿ ಇದೆ.”