ನಾಲ್ಕು ಕಿಲೋ ಬ್ಲ್ಯಾಂಕೆಟ್

ಎಂಬತ್ತರ ದಶಕದ ಕೊನೆಯಲ್ಲಿ, ಕೊಲ್ಲಿ ನಾಡಿನ ಸೀಬ್ ಪಟ್ಟಣದ ನಮ್ಮ ಕಟ್ಟಡದಲ್ಲಿ ದುಡ್ಡಿಗಿಂತ ಹೆಚ್ಚು ಚಲಾವಣೆಯಲ್ಲಿದ್ದದ್ದು ಕಿಲೋ. ವಿಮಾನದಲ್ಲಿ ಇಷ್ಟೇ ತೂಕ ಎಂಬ ಮಿತಿ ಇದ್ದುದರಿಂದ, ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಜಾಗ ಬೇಕಾದವರು ಮೊದಲೇ ಅವರಿಗೆ ಏನಾದರೂ ಕೆಲಸ ಮಾಡಿಕೊಟ್ಟಿರುತ್ತಿದ್ದರು. ನಾನು ಒಬ್ಬರಿಗೆ ರವಿಕೆ ಹೊಲಿದುಕೊಟ್ಟು ಎರಡು ಕಿಲೋ ಗಿಟ್ಟಿಸಿದ್ದೆ. ಇನ್ನೊಬ್ಬರು ಒಂದು ಕಿಲೋಗಾಗಿ ವಾರವಿಡೀ ನಮಗೆ ಬಂಗುಡೆ ತಂದುಕೊಟ್ಟಿದ್ದರು. ಚೌಕಾಸಿಯಲ್ಲಂತೂ ನನ್ನದು ಎತ್ತಿದ ಕೈ. ಈಗ ನೆನೆದರೆ ನಗು ಬರುತ್ತದೆ, ಆ ಕಟ್ಟಡ ಬಿಟ್ಟು ಬಂದದ್ದಕ್ಕೆ ಬೇಸರವೂ ಆಗುತ್ತದೆ.

ಎದುರು ಮನೆಯ ಬ್ಯಾರಿ ಅಕ್ಕ ಮಾತ್ರ ಚೌಕಾಸಿ ಮಾಡಿದವರಲ್ಲ. ಅವರ ಗಂಡನಿಗೆ ಸೂಕಿನಲ್ಲಿ, ಅಂದರೆ ಅಲ್ಲಿನ ಪೇಟೆಯಲ್ಲಿ, ಅಂಗಡಿ ಇತ್ತು. ಅವರ ಪಿಕಪ್ಪಿನಲ್ಲೇ ನನ್ನ ಇಬ್ಬರು ಮಕ್ಕಳು ವರ್ಷವಿಡೀ ಶಾಲೆಗೆ ಹೋದರು. ತಂಗಿಯ ಮದುವೆಗೆ ನಾನೊಬ್ಬಳೇ ಊರಿಗೆ ಹೊರಟಾಗ ಅಕ್ಕ ಊರಲ್ಲಿದ್ದ ತಮ್ಮ ತಾಯಿಗಾಗಿ ಕೇಳಿದ್ದು ಇಷ್ಟೇ.

“ಉಮ್ಮನಿಗೆ ಒಂದು ಬ್ಲ್ಯಾಂಕೆಟ್ ಉಂಟು, ನಾಲ್ಕು ಕಿಲೋ ಆಗ್ತದೆ. ಮಳೆ ಶುರುವಾದ್ರೆ ಅವರಿಗೆ ಗಂಟುನೋವು ಜೋರು. ಮಕ್ಕಳ ಊಟ, ಶಾಲೆ ನಾನು ನೋಡ್ಕೊಳ್ತೇನೆ, ನೀವು ತಲೆಬಿಸಿ ಮಾಡ್ಬೇಡಿ.”

ವಿಮಾನ ನಿಲ್ದಾಣದಲ್ಲಿ ತೂಕ ನಾಲ್ಕು ಕಿಲೋ ಹೆಚ್ಚು ಬಂತು. ಕೌಂಟರಿನವನು “ಯಲ್ಲಾ, ಯಲ್ಲಾ” ಎಂದು ಅವಸರ ಮಾಡುತ್ತಿದ್ದ. ಪೆಟ್ಟಿಗೆಯಲ್ಲಿ ತಂಗಿಗೆಂದು ಕೊಂಡ ಡಿನ್ನರ್ ಸೆಟ್ ಇತ್ತು, ಅದನ್ನು ಬಿಡಲು ಮನಸ್ಸಾಗಲಿಲ್ಲ. ಬ್ಲ್ಯಾಂಕೆಟ್ ಎಳೆದು, ನನ್ನನ್ನು ಬಿಡಲು ಬಂದಿದ್ದ ಗಂಡನ ಕೈಗೆ ಕೊಟ್ಟೆ.

“ಇದು ಸರಿಯಲ್ಲ ಮಾರಾಯ್ತಿ,” ಎಂದರು ಅವರು.

“ಕಪಾಟಿನಲ್ಲಿಡಿ. ಅಕ್ಕನಿಗೆ ಆಮೇಲೆ ನಾನೇ ಏನಾದ್ರೂ ಹೇಳ್ತೇನೆ,” ಎಂದೆ.

ಮದುವೆಯ ಮರುದಿನ ಅಕ್ಕನ ತಾಯಿ ಎರಡು ಬಸ್ಸು ಬದಲಿಸಿ ನಮ್ಮ ಮನೆ ಹುಡುಕಿಕೊಂಡು ಬಂದರು. ಬ್ಲ್ಯಾಂಕೆಟ್ ಬರುವ ಸುದ್ದಿ ಅವರಿಗೆ ಕಾಗದದಲ್ಲಿ ತಲುಪಿತ್ತು. ಅದನ್ನು ಒಯ್ಯಲು ದೊಡ್ಡ ಚೀಲವನ್ನೇ ತಂದಿದ್ದರು. ತೂಕ ಹೆಚ್ಚಾಯಿತು ಎಂದು ನಾನು ತೊದಲಿದೆ.

“ಅದಕ್ಕೇನು ಮಗಾ, ಇನ್ಯಾರಾದ್ರೂ ತರ್ತಾರೆ,” ಎಂದವರು ಮಗಳಿಗೆಂದು ಮಾಡಿದ ಹಲಸಿನ ಹಪ್ಪಳದ ಕಟ್ಟನ್ನು ನನ್ನ ಕೈಗಿಟ್ಟರು. “ಭಾರ ಆದ್ರೆ ಇದನ್ನೂ ಬಿಟ್ಟು ಹೋಗಿ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಅವರು ಬಸ್ಸಿಗೆ ನಡೆದರು.

ತಿಂಗಳ ಬಳಿಕ ವಿಮಾನ ಇಳಿದವಳೇ ಹಪ್ಪಳದ ಕಟ್ಟು ಹಿಡಿದು ಎದುರು ಮನೆಗೆ ಹೋದೆ. ಅಕ್ಕ ನನ್ನ ಕಿರಿಯವಳಿಗೆ ಮೀನುಸಾರಿನ ತುತ್ತು ಕೊಡುತ್ತ ಕೂತಿದ್ದರು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಸುಳ್ಳು ಬಾಯಿಗೆ ಬರಲೇ ಇಲ್ಲ.

“ಬ್ಲ್ಯಾಂಕೆಟ್ ನಾನೇ ತೆಗೆದಿಟ್ಟದ್ದು ಅಕ್ಕ,” ಎಂದೆ.

“ಗೊತ್ತುಂಟು. ನಿಮ್ಮವರು ಅವತ್ತೇ ಸೀದಾ ಇಲ್ಲಿಗೆ ತಂದುಕೊಟ್ಟಿದ್ದಾರೆ,” ಎಂದರು ಅಕ್ಕ. “ಕೂತ್ಕೊಳ್ಳಿ, ನಿಮಗೂ ಬಡಿಸ್ತೇನೆ.”

ಅಂದರೆ ಆ ಇಡೀ ತಿಂಗಳು, ಎಲ್ಲ ಗೊತ್ತಿದ್ದೇ, ಅವರು ನನ್ನ ಮಕ್ಕಳಿಗೆ ಉಣಬಡಿಸಿದ್ದರು.