ಅಂಗೈ ಮೇಲಿನ ಸಾರು

ಮೊನ್ನೆ ಮೇಲಿನ ಮನೆಯವರು ಯಾವುದೋ ಪುಡಿಗೆಂದು ಕೊತ್ತಂಬರಿ, ಚಕ್ಕೆ ಹುರಿಯುತ್ತಿದ್ದರು. ಘಮ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಓದುತ್ತಿದ್ದ ಪೇಪರು ಮಡಿಸಿಟ್ಟು ಎದ್ದೆ. ಕೂರಲಾಗಲಿಲ್ಲ. ಹಜಾರದಲ್ಲೇ ನಾಲ್ಕು ಸಲ ಅತ್ತಿಂದಿತ್ತ ಓಡಾಡಿದೆ. ಎದುರುಮನೆ ಅತ್ತೆ ನೆನಪಾದಾಗೆಲ್ಲ ನನಗೆ ಹೀಗೆಯೇ...

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಎದುರುಮನೆಯ ಯಜಮಾನರಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಅವರ ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಬೀದಿಯ ಮಕ್ಕಳಿಗೆಲ್ಲ ಅವರು ಅತ್ತೆ. ಆ ಮನೆಯಲ್ಲಿ ಅವರದು ಎಂದು ಇದ್ದದ್ದು ಅಡುಗೆಮನೆಯೊಂದೇ. ಅವರ ಒಬ್ಬಟ್ಟಿನ ಸಾರಿನ ಹೆಸರು ಹೇಳಿ ನೆಂಟರು ಬರುತ್ತಿದ್ದರು. ಒಲೆಯ ಮುಂದೆ ರುಚಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಪೂಜೆಯಾಗಿ, ಲಿಂಗಕ್ಕೆ ತೋರಿಸಿದ ಮೇಲೆಯೇ ಬಾಯಿಗೆ. ಅತ್ತೆಗೆ ಅದರ ಅಗತ್ಯವೂ ಇರಲಿಲ್ಲ. ಕುದಿಯುವ ವಾಸನೆಯಲ್ಲೇ ಉಪ್ಪು ಹುಳಿ ಹೇಳುತ್ತಿದ್ದರು.

ಆ ವರ್ಷ ಅವರಿಗೆ ವಿಷಮಶೀತ ಜ್ವರ ಬಂತು. ಜೀವ ಉಳಿಯಿತು, ಮೂಗು ನಾಲಿಗೆ ಎರಡೂ ಹೋದವು. ಈ ವಿಷಯ ಅವರು ಹೇಳಿದ್ದು ನನ್ನೊಬ್ಬಳಿಗೆ. ನನಗೆ ಆಗ ಹನ್ನೊಂದು ವರ್ಷ. ನಾವೂ ಅವರ ಜಾತಿಯವರೇ ಆದ್ದರಿಂದ ಅಡುಗೆಮನೆಗೆ ಹೋಗಲು ತಡೆಯಿರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಕರೆದು, ಅಂಗೈ ಚಾಚಲು ಹೇಳಿ, ಸೌಟಿನಿಂದ ಎರಡು ಹನಿ ಸಾರು ಬಿಟ್ಟರು.

"ನೆಕ್ಕಿ ಹೇಳು. ಉಪ್ಪು ಸರಿಯಾಗಿದ್ಯಾ?"

"ನಿಮಗೇ ಗೊತ್ತಾಗತ್ತಲ್ಲ ಅತ್ತೆ?"

"ಗೊತ್ತಾಗಲ್ಲ ಕಣೇ. ಯಾರಿಗೂ ಹೇಳ್ಬೇಡ. ಅಡುಗೆ ಮಾಡಕ್ಕಾಗಲ್ಲ ಅಂತ ಗೊತ್ತಾದ್ರೆ ಈ ಮನೇಲಿ ನಾನು ಯಾಕೆ ಬೇಕು?"

ಅಂದಿನಿಂದ ದಿನವೂ ಸ್ಕೂಲಿಗೆ ಹೊರಡುವ ಮುಂಚೆ ಹಿತ್ತಲಿಂದ ಓಡಿಹೋಗುತ್ತಿದ್ದೆ. ಅಂಗೈ ನೆಕ್ಕಿ, ಉಪ್ಪು ಬೇಕು, ಬೆಲ್ಲ ಸಾಕು ಎಂದು ತೀರ್ಪು ಕೊಡುವುದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯ ಕಣ್ಣು ನನ್ನ ಮುಖವನ್ನು ಹುಡುಕುತ್ತಿತ್ತು. ಮೊದಮೊದಲು ಹೆಮ್ಮೆ. ಬರಬರುತ್ತಾ ಬೇಸರ. ಆಡುತ್ತಿದ್ದರೂ, ಜಡೆ ಹಾಕಿಸಿಕೊಳ್ಳುತ್ತಿದ್ದರೂ, ಅಲ್ಲಿ ಒಲೆಯ ಮುಂದೆ ಒಬ್ಬರು ಕಾಯುತ್ತಿದ್ದಾರೆ ಎಂಬ ತಳಮಳ. ಹಾಗೇ ಒಂದು ವರ್ಷ ಕಳೆಯಿತು.

ಅತ್ತೆಯ ತಮ್ಮನ ಹಿರಿಯ ಮಗನಿಗೆ ಹೆಣ್ಣು ಗೊತ್ತಾಗುವ ಹೊತ್ತು. ಹೆಣ್ಣಿನ ಕಡೆಯವರು ಅಂದು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಒಬ್ಬಟ್ಟು, ಒಬ್ಬಟ್ಟಿನ ಸಾರು. ಅಂದೇ ನನಗೆ ಭೂಗೋಳದ ಪರೀಕ್ಷೆ. ಎದ್ದದ್ದೇ ತಡವಾಗಿತ್ತು. ಹಿತ್ತಲಲ್ಲಿ ನಿಂತೇ ಕೈ ಚಾಚಿದೆ. ಸಾರು ಸುಡುತ್ತಿತ್ತು. ಆರುವವರೆಗೆ ಕಾಯುವ ವ್ಯವಧಾನ ನನಗಿರಲಿಲ್ಲ. ಕೈಯನ್ನು ಲಂಗಕ್ಕೆ ಒರೆಸಿಕೊಂಡು, "ಸರಿಯಾಗಿದೆ ಅತ್ತೆ, ಪರೀಕ್ಷೆಗೆ ಹೊತ್ತಾಯ್ತು" ಎಂದು ಓಡಿದೆ.

ಬಡಿಸಲು ಹೋಗಿದ್ದ ಅಮ್ಮ ಸಂಜೆ ಅಪ್ಪನಿಗೆ ಹೇಳುತ್ತಿದ್ದರು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತಂತೆ. ಹಿರಿಯರೊಬ್ಬರು ಮೊದಲ ತುತ್ತಿಗೇ ನೀರಿನ ಲೋಟಕ್ಕೆ ಕೈಹಾಕಿದರಂತೆ. ಯಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು "ಏನಕ್ಕಾ ಇದು?" ಎಂದು ಕೇಳಿದಾಗ ಅತ್ತೆ, "ನನ್ನ ನಾಲಿಗೆ ಸತ್ತು ವರ್ಷ ಆಯ್ತಪ್ಪ" ಎಂದರಂತೆ. ನನ್ನ ಹೆಸರು ಎತ್ತಲಿಲ್ಲ.

ಮದುವೆಯೇನೂ ನಿಲ್ಲಲಿಲ್ಲ. ಅಡುಗೆಮನೆ ಮಾತ್ರ ತಮ್ಮನ ಹೆಂಡತಿಯ ಕೈಗೆ ಹೋಯಿತು. ತಿಂಗಳೊಳಗೆ ಅತ್ತೆಯನ್ನು ಕಾಟನ್‌ಪೇಟೆಯಲ್ಲಿದ್ದ ದೂರದ ಸಂಬಂಧಿಕರ ಮನೆಗೆ ಕಳಿಸಿದರು. ಜಟಕಾ ಹೊರಟಾಗ ನಾನು ಕಿಟಕಿ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಕಾಟನ್‌ಪೇಟೆ ಎಷ್ಟು ದೂರ? ನಡೆದೇ ಹೋಗಬಹುದು. ಆದರೂ ಅಲ್ಲಿಗೆ ಹೋಗಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಹೋದದ್ದು ನನ್ನ ಮದುವೆಯ ಕರೆಯೋಲೆ ಕೊಡುವ ನೆಪದಲ್ಲಿ. ಅಮ್ಮ ಬರೆದ ಪಟ್ಟಿಯಲ್ಲಿ ಅವರಿರಲಿಲ್ಲ. ಅತ್ತೆ ಒಳಾಂಗಣದಲ್ಲಿ ಮೊರದ ಮುಂದೆ ಕೂತು ಬೇಳೆ ಆರಿಸುತ್ತಿದ್ದರು. ತುಂಬಾ ಇಳಿದುಹೋಗಿದ್ದರು.

"ಅಯ್ಯೋ, ಲಂಗದ ಹುಡುಗಿ ಸೀರೆ ಉಟ್ಕೊಂಡು ಬಂದ್ಬಿಟ್ಟಿದಾಳೆ!"

ಕೂರುವ ಮೊದಲೇ ಹೇಳಿಬಿಟ್ಟೆ. "ಅತ್ತೆ, ಅವತ್ತು ನಾನು ರುಚಿ ನೋಡಿರ್ಲಿಲ್ಲ."

"ಗೊತ್ತು ಕಣೇ. ಕೈ ಒರೆಸ್ಕೊಂಡಿದ್ದು ಕಾಣಿಸ್ತು."

"ಮತ್ತೆ ಯಾಕೆ ಬಡಿಸಿದ್ರಿ?"

"ಪರೀಕ್ಷೆ ಅಂದಿದ್ದೆಯಲ್ಲ. ವಾಪಸ್ ಕರಿಯಕ್ಕೆ ಮನಸ್ಸು ಬರ್ಲಿಲ್ಲ. ಸರಿಯಾಗೇ ಇರತ್ತೆ ಅಂತ ಧೈರ್ಯ ಮಾಡ್ದೆ." ಒಂದು ಕಲ್ಲು ಆರಿಸಿ ಪಕ್ಕಕ್ಕೆಸೆದರು. "ಪಾಸಾದ್ಯಾ?"

ನನಗೆ ಅಳು ತಡೆಯಲಾಗಲಿಲ್ಲ. ಅವರು ಅದನ್ನು ಗಮನಿಸಿದಂತೆಯೇ ತೋರಲಿಲ್ಲ. ಕೈ ಬೇಳೆಯಲ್ಲಿ ಸುಮ್ಮನೆ ಆಡುತ್ತಿತ್ತು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಒಂದು ಕೇಳ್ತೀನಿ, ನಿಜ ಹೇಳು. ಆ ಒಂದು ವರ್ಷ ನಾನು ಮಾಡಿದ್ದು... ಚೆನ್ನಾಗಿತ್ತೇನೇ?"

ಹೇಳಿದೆ. ಒಬ್ಬಟ್ಟಿನ ಸಾರಿನಲ್ಲಿ ಮೊದಲು ಹುಣಸೆಹುಳಿ ಚುರುಕ್ಕೆನ್ನುತ್ತಿದ್ದುದು, ಹಿಂದೆಯೇ ಬೆಲ್ಲ ಬರುತ್ತಿದ್ದುದು, ನುಂಗಿದ ಮೇಲೆ ಮೆಣಸು ಗಂಟಲಲ್ಲಿ ಉಳಿಯುತ್ತಿದ್ದುದು, ಸ್ಕೂಲಿನಲ್ಲಿ ಪ್ರಾರ್ಥನೆಗೆ ಕೈಮುಗಿದಾಗಲೂ ಅಂಗೈಯಲ್ಲಿ ಆ ಘಮ ಇರುತ್ತಿದ್ದುದು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ನಡುವೆ ಒಮ್ಮೆ ಗುಟುಕರಿಸಿದರು.

ಹೊರಡುವಾಗ, "ಮದುವೆ ಆದ್ಮೇಲೆ ಬಾ. ನೀನು ಮಾಡಿದ್ದು ಏನಾದ್ರೂ ತಗೊಂಡ್ಬಾ" ಎಂದರು.

"ನಿಮಗೆ ರುಚಿ..."

"ಬಿಸಿ ಗೊತ್ತಾಗತ್ತಲ್ಲ" ಎಂದು ನಕ್ಕರು.

ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದೆ. ಹೊಸ ಮನೆ, ಹೊಸ ಜನ. ಈ ವಾರ, ಮುಂದಿನ ವಾರ ಎನ್ನುತ್ತಿರುವಾಗಲೇ ಯುಗಾದಿ ಬಂತು. ಹಬ್ಬಕ್ಕೆ ತವರಿಗೆ ಹೋದಾಗ, ಅತ್ತೆ ತೀರಿಕೊಂಡು ಎರಡು ತಿಂಗಳಾಯಿತು ಎಂದು ಅಮ್ಮ ಹೇಳಿದರು. ಯಾರೂ ನಮಗೆ ತಿಳಿಸಿರಲಿಲ್ಲ. ತಿಳಿಸಲು ನಾವು ಅವರಿಗೆ ಏನಾಗಬೇಕು?

ಈಗ ನನಗೆ ಅತ್ತೆ ತೀರಿಕೊಂಡಾಗ ಇದ್ದದ್ದಕ್ಕಿಂತ ಹೆಚ್ಚು ವಯಸ್ಸು. ಕಾಟನ್‌ಪೇಟೆಯ ಆ ಮನೆ ಯಾವ ಸಂದಿಯಲ್ಲಿತ್ತೆಂಬುದೂ ಮರೆತಿದೆ. ಒಲೆಯಿಂದ ಇಳಿಸಿದ್ದನ್ನು ಆರಲು ಬಿಡಬೇಡಿ, ಮುಚ್ಚಿಡಿ, ಬೇಗ ಬಡಿಸಿ ಎಂದು ಮನೆಯವರನ್ನೆಲ್ಲ ಅವಸರಪಡಿಸುತ್ತೇನೆ. "ಯಾರು ಬರ್ತಾರೆ ಅಂತ ಅಜ್ಜಿ ಇಷ್ಟು ಆತುರ?" ಎಂದು ಮೊಮ್ಮಗಳು ಕೇಳುತ್ತಾಳೆ. ಯಾರೂ ಬರುವುದಿಲ್ಲ. ಹೋಗಬೇಕಾಗಿದ್ದವಳು ನಾನು.