ಏಕಾದಶಿಯ ಗುಳಿಗೆ

ಆ ಕೊನೆಯ ಮಾಮೂಲಿ ದಿನ ದಶಮಿ. ಮಾನ್ವಿಯ ನಮ್ಮ ಮನೆಯಲ್ಲಿ ಅಣ್ಣ ಒಪ್ಪತ್ತಿನ ಊಟಕ್ಕೆ ಕೂತು ನಾಳೆಯದನ್ನೂ ಸೇರಿಸಿ ಉಣ್ಣುತ್ತಿದ್ದ. "ಲೇ, ನಾಳೆ ಏಕಾದಶಿ ನನಗ. ಹೊಟ್ಟಿಗೆ ಇನ್ನೂ ಹೇಳಿಲ್ಲ," ಎಂದು ಮತ್ತೆ ಸಾರು ಹಾಕಿಸಿಕೊಂಡ.

ನಾವಿಬ್ಬರೂ ಮಡಿ ಅಡುಗೆಯವರು. ದ್ವಾದಶಿ ಬೆಳಗಿನ ಪಾರಣೆಗೆ ದೇವದುರ್ಗದ ಒಂದು ಮನೆಯವರು ಕರೆದಿದ್ದರು. ಬೈಕ್ ಓಡಿಸುವವನು ನಾನು. ಅಣ್ಣ ಹಿಂದೆ ಕೂತು ನನ್ನ ಬಲಹೆಗಲ ಮೇಲೆ ಕೈ ಇಡುತ್ತಿದ್ದ. ಹಂಪ್ ಬಂದರೆ ಹೆಗಲು ಅದುಮುತ್ತಿದ್ದ, ನಾನೇನೋ ಅವನ ಎತ್ತು ಎಂಬಂತೆ.

ಏಕಾದಶಿಯ ಸಂಜೆ ಹೊರಟೆವು. ಎದುರಿಗೆ ಲಾರಿಯ ಹಾರ್ನ್ ಕೇಳಿತು. ಅಣ್ಣನ ಕೈ ಹೆಗಲನ್ನು ಅದುಮಿತು. ಅಷ್ಟೇ ಗೊತ್ತು. ನನ್ನ ಕಾಲು ಮುರಿಯಿತು. ಅಣ್ಣ ಉಳಿಯಲಿಲ್ಲ.

ಕಾಲು ಕೂಡಿತು, ಹಾರ್ನ್ ಕಿವಿ ಬಿಟ್ಟು ಹೋಗಲಿಲ್ಲ. ಮನೆಯ ಕುಕ್ಕರ್ ಕೂಗಿದರೂ ಕಂಬದ ಹಿಂದೆ ಹೋಗಿ ನಿಲ್ಲುತ್ತಿದ್ದೆ. ನೂರು ಜನರಿಗೆ ಅನ್ನ ಬಸಿಯುವವನು ಕುಕ್ಕರಿಗೆ ಹೆದರುವುದು ನಿಮಗೆ ನಗು ತರಬಹುದು. ನಗಿ, ನನಗೂ ಈಗೀಗ ಬರುತ್ತದೆ.

ರಾಯಚೂರಿನ ಡಾಕ್ಟರು ಎಲ್ಲ ಕೇಳಿದರು. "ಇದು ಗಾಳಿ ಅಲ್ಲರೀ, ಪುಕ್ಕಲತನಾನೂ ಅಲ್ಲ. ಆ ಅಪಘಾತ ನಿಮ್ಮೊಳಗ ಇನ್ನೂ ನಡೀಲಿಕತ್ತದ. ಗುಳಿಗಿ ತಗೋರಿ, ಬಂದು ಮಾತಾಡ್ರಿ. ನನ್ನ ಕೇಳದ ಬಿಡಬ್ಯಾಡ್ರಿ."

ಎರಡು ತಿಂಗಳಿಗೆ ಹಾರ್ನ್ ದೂರ ಸರಿಯಿತು. ಆಗ ಬೇರೆಯೇ ಹೆದರಿಕೆ ಹುಟ್ಟಿತು. ಹಾರ್ನಿನ ಬೆನ್ನಿಗೇ ಅಣ್ಣನ ಕೈಯೂ ನೆನಪಾಗುತ್ತಿತ್ತಲ್ಲ. ಇದು ಹೋದರೆ ಅದೂ ಹೋಗುವುದೇ? ಬಾಯಲ್ಲಿ ಹೇಳಲಾರದೆ ಏಕಾದಶಿಯ ನೆಪ ಹಿಡಿದೆ. ನಿರ್ಜಲ ಉಪವಾಸಕ್ಕೆ ಗುಳಿಗೆ ನುಂಗಬಾರದೆಂದು ನನಗೆ ನಾನೇ ಹೇಳಿಕೊಂಡೆ. ಅಂದು ಏನೂ ಆಗಲಿಲ್ಲ. ಮರುದಿನವೂ ಬಿಟ್ಟೆ.

ಎಂಟನೆಯ ದಿನ ರಾಯಚೂರಿನ ಬಸ್ಸಿನಲ್ಲಿದ್ದೆ. ಎದುರಿನ ಲಾರಿ ಹಾರ್ನ್ ಹಾಕಿತು. "ನಿಲ್ಲಸ್ರೀ!" ಎಂದು ಚೀರಿ ಸೀಟಿನ ಕೆಳಗೆ ನುಸುಳಿದೆ.

"ಯಾಕ್ರೀ ಆಚಾರ್ರೇ, ಚಪ್ಪಲಿ ಹುಡುಕಾಕತ್ತೀರೇನು?" ಎಂದ ಕಂಡಕ್ಟರ್. ನನ್ನ ಮುಖ ಕಂಡ ಮೇಲೆ ನೀರಿನ ಬಾಟಲಿ ಕೊಟ್ಟ.

ಅಲ್ಲಿ ಮುದುಡಿಕೊಂಡು ಅಣ್ಣನ ಕೈಗಾಗಿ ಕಾದೆ. ಬರಲಿಲ್ಲ. ಬರೀ ಹಾರ್ನ್.

ಮನೆಗೆ ಮರಳಿದರೆ ವೈನಿ, ಅಣ್ಣನ ಹೆಂಡತಿ, ಗುಳಿಗೆಯ ಪಟ್ಟಿ ಹಿಡಿದು ನಿಂತಿದ್ದರು.

"ಎಂಟು ಹಂಗೇ ಉಳದಾವ."

"ಏಕಾದಶಿ ಇತ್ತಲ್ಲ, ವೈನಿ…"

"ಎಂಟು ದಿನ ಏಕಾದಶೀನೇನೋ? ಔಷಧಕ್ಕ ದೋಷ ಇಲ್ಲಂತ ಊರ ಮಂದಿಗೆಲ್ಲ ಹೇಳ್ತಿದ್ದವರು ನಿಮ್ಮಣ್ಣನೇ." ಪಟ್ಟಿಯನ್ನು ನನ್ನ ಕೈಗಿಟ್ಟರು. "ಇನ್ನೊಬ್ಬರನ್ನ ಕಳಕೊಳ್ಳಾಕ ನನ್ನ ಕೈಲಿ ಆಗೂದಿಲ್ಲಪ್ಪಾ."

ಡಾಕ್ಟರಿಂದ ಬೈಸಿಕೊಂಡು ಮತ್ತೆ ಶುರು ಮಾಡಿದೆ.

ಇವತ್ತೂ ಏಕಾದಶಿ. ಬೆಳಿಗ್ಗೆ ವೈನಿ ನನ್ನ ಅಂಗೈಯಲ್ಲಿ ಗುಳಿಗೆ ಇಟ್ಟು, ಮೇಲೆ ಒಂದು ಉದ್ಧರಣೆ ತೀರ್ಥ ಹಾಕಿ, ನುಂಗುವವರೆಗೂ ಎದುರಿಗೇ ನಿಂತಿದ್ದರು. ಡಾಕ್ಟರು ಒಪ್ಪಿದ ಮೇಲೆ ಮೊದಲ ಸಲ ಬೈಕ್ ಹತ್ತಿ ಸಂಜೆ ದೇವದುರ್ಗಕ್ಕೆ ಬಂದೆ, ಪಾರಣೆಯ ಅಡುಗೆಗೆ. ದಾರಿಯಲ್ಲಿ ಲಾರಿ ಎದುರಾಯಿತು, ಹಾರ್ನ್ ಹಾಕಿತು. ಕಣ್ಣು ಅಡಗಲು ಕಂಬ ಹುಡುಕಿತು. ಬೈಕ್ ಮಾತ್ರ ರಸ್ತೆ ಬಿಡಲಿಲ್ಲ. ಮುಂದೆ ಹಂಪ್ ಬಂತು. ನಾನೇ ನೋಡಿ ನಿಧಾನ ಮಾಡಿದೆ.

ಬಲಹೆಗಲ ಮೇಲೆ ಕೈ ಇರಲಿಲ್ಲ.